ನೀರಿನ ಮೀಟರ್‌ಗೆ ಸಹಾಯಧನ: ಕೊಡಗಿನ ಬೆಳೆಗಾರರಿಗೆ ಸಮಗ್ರ ಮಾರ್ಗದರ್ಶಿ

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಬರೀ ನೀರಿನ ಮೀಟರ್‌ಗೆ ಅಂತ ಪ್ರತ್ಯೇಕ ಸಹಾಯಧನದ ಯೋಜನೆಯನ್ನು ಹುಡುಕಿಕೊಂಡು ಮಡಿಕೇರಿ, ಗೋಣಿಕೊಪ್ಪ ಸುತ್ತಿದರೆ ಪೆಟ್ರೋಲ್ ಖರ್ಚಷ್ಟೇ. ಮೀಟರ್‌ಗೆ ದುಡ್ಡು ಸಿಗುವುದು ಅದು ಬೇರೆ ಕೆಲಸದ ಜೊತೆ ಸೇರಿಕೊಂಡಾಗ. ನೀವು ಸ್ಪ್ರಿಂಕ್ಲರ್ ಹಾಕಿಸುತ್ತೀರಿ, ಡ್ರಿಪ್ ಎಳೆಸುತ್ತೀರಿ, ತೋಟದಲ್ಲಿ ಕೆರೆ ತೆಗೆಸುತ್ತೀರಿ, ಇಲ್ಲವೇ ಹೊಸ ಪಂಪ್ ಕೂರಿಸುತ್ತೀರಿ. ಆ ಕೆಲಸದ ಅಂದಾಜು ಪಟ್ಟಿಯಲ್ಲಿ ಮೀಟರ್ ಕೂಡ ಒಂದು ಸಾಲಾಗಿ ಇರಬೇಕು. ಅದೂ ಮಂಜೂರಾತಿಗೆ ಮುಂಚೆ. ಮಂಜೂರಾದ ಮೇಲೆ ಸೇರಿಸಿದ ಸಾಮಾನಿಗೆ ಯಾವ ಇಲಾಖೆಯೂ ದುಡ್ಡು ಕೊಡುವುದಿಲ್ಲ.

ಇನ್ನು, ನಮಗೆ ಮೀಟರ್ ಯಾಕೆ, ಹೊಳೆ ನೀರು ತಾನೇ, ಎನ್ನುವವರಿಗೆ ಒಂದು ಲೆಕ್ಕ. ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1 ಲಕ್ಷದ 3 ಸಾವಿರ ಲೀಟರ್ ಬೇಕು. ರೊಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಹೂವು ಅರಳಿಸಲು ಕೊಡುವ ನೀರು, ಒಂದರಿಂದ ಒಂದೂವರೆ ಇಂಚು. ಅದಾದ 15ರಿಂದ 20 ದಿನಕ್ಕೆ ಬ್ಯಾಕಿಂಗ್, ಅಂದರೆ ಹೂವಾದ ಮೇಲಿನ ಎರಡನೇ ನೀರು, ಇನ್ನೊಂದು ಇಂಚು. ಐದು ಎಕರೆ ತೋಟಕ್ಕೆ ಒಂದೂವರೆ ಇಂಚು ಅಂದರೆ ಸುಮಾರು 7 ಲಕ್ಷ 70 ಸಾವಿರ ಲೀಟರ್. ಜೆಟ್ (ದೊಡ್ಡ ಸ್ಪ್ರಿಂಕ್ಲರ್) ತಿರುಗಿಸುವವರು 'ನಾಲ್ಕು ಗಂಟೆ ಬಿಟ್ಟಿದ್ದೇವೆ' ಎಂದು ಹೇಳಿದರೆ ಅದು ಒಂದು ಇಂಚೋ, ಮುಕ್ಕಾಲು ಇಂಚೋ ಯಾರಿಗೆ ಗೊತ್ತು? ಮುಕ್ಕಾಲು ಇಂಚಾದರೆ ಹೂವು ಅರಳುವುದರಲ್ಲೇ ಎಡವಟ್ಟಾಗಬಹುದು. ಎರಡು ಇಂಚಾದರೆ ಡೀಸೆಲ್ ಸುಮ್ನೆ ಸುಟ್ಟ ಹಾಗೆ, ಪಕ್ಕದ ತೋಟದವರಿಗೆ ಕೆರೆಯೂ ಖಾಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2015ರ ಒಂದು ಕಾಯ್ದೆ, ಹೊಳೆಯಿಂದ ವರ್ಷಕ್ಕೆ 10 ಎಕರೆ-ಅಡಿಗಿಂತ (ಎಕರೆ-ಅಡಿ ಅಂದರೆ ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವ ನೀರು) ಜಾಸ್ತಿ ನೀರು ತಿರುಗಿಸುವವರು ಅಳತೆ ಇಟ್ಟೇ ತೀರಬೇಕು ಎನ್ನುತ್ತದೆ. ನಮ್ಮ ಲೆಕ್ಕಕ್ಕೆ ತಂದರೆ, ಹೂವಿಗೂ ಬ್ಯಾಕಿಂಗ್‌ಗೂ ಸೇರಿ ಎರಡೂವರೆ ಇಂಚು ಕೊಡುವ 48 ಎಕರೆ ಕಾಫಿ ತೋಟಕ್ಕೆ ಬೇಕಾಗುವಷ್ಟು ನೀರು ಅದು. ನಮ್ಮಲ್ಲಿ ಸಣ್ಣ ಬೆಳೆಗಾರರ ಮೇಲೆ ಅಂಥ ಒತ್ತಡ ಇಲ್ಲ. ಆದರೆ ಬರದ ವರ್ಷಗಳಲ್ಲಿ ಕಾವೇರಿ ಮತ್ತು ಉಪನದಿಗಳಿಂದ ಪಂಪ್ ಮಾಡಬೇಡಿ ಎಂದು ಜಿಲ್ಲಾಡಳಿತ ತಡೆ ಹಾಕಿದ್ದುಂಟು. ಅಂಥ ಹೊತ್ತಿನಲ್ಲಿ 'ನಾನು ತೆಗೆದದ್ದು ಇಷ್ಟೇ' ಎಂದು ಪುಸ್ತಕ ತೋರಿಸುವವನ ಮಾತಿಗೆ ತೂಕ ಜಾಸ್ತಿ.

ಹಂತ 1: ನೀರು ಎಲ್ಲಿಂದ, ಯಾರ ಅನುಮತಿ

ಅರ್ಜಿಯಲ್ಲಿ ಎಲ್ಲರೂ ಮೊದಲು ಕೇಳುವುದು ಜಲಮೂಲ. ಸ್ವಂತ ಕೆರೆ, ತೆರೆದ ಬಾವಿ, ಬೋರ್‌ವೆಲ್ ಇದ್ದರೆ ದಾರಿ ಸಲೀಸು. ಬೋರ್‌ವೆಲ್ ಆದರೆ ಅದರ ನೋಂದಣಿ ಕಾಗದ ಹುಡುಕಿ ಇಟ್ಟುಕೊಳ್ಳಿ. ಅಂತರ್ಜಲದ ಬಗ್ಗೆ ರಾಜ್ಯದಲ್ಲಿ 2011ರ ಕಾಯ್ದೆ ಇದೆ, 2012ರ ನಿಯಮಗಳಿವೆ. ಕೇಂದ್ರದ 2020ರ ಅಂತರ್ಜಲ ಮಾರ್ಗಸೂಚಿಯಲ್ಲಿ ಕೃಷಿಗೆ ನಿರಾಕ್ಷೇಪಣಾ ಪತ್ರದಿಂದ ವಿನಾಯಿತಿ ಇದೆ. ಹಾಗಂತ ರಾಜ್ಯದ ನಿಯಮ ಇಲ್ಲದಂತಾಗುವುದಿಲ್ಲ.

ಹೊಳೆಯಿಂದಲೋ ತೋಡಿನಿಂದಲೋ ಎತ್ತುವುದಾದರೆ ವಿಷಯ ಬೇರೆ. ಹರಿಯುವ ನೀರು ಸರ್ಕಾರದ್ದು. 1965ರ ಕರ್ನಾಟಕ ನೀರಾವರಿ ಕಾಯ್ದೆ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಅಜ್ಜನ ಕಾಲದಿಂದ ಎತ್ತುತ್ತಿದ್ದೇವೆ ಎನ್ನುವುದು ಊರಲ್ಲಿ ನಡೆಯುತ್ತದೆ, ಫೈಲಿನಲ್ಲಿ ನಡೆಯುವುದಿಲ್ಲ. ಅನುಮತಿ ಇಲ್ಲದ ಜಲಮೂಲವನ್ನು ಅರ್ಜಿಯಲ್ಲಿ ಬರೆದು ಸಿಕ್ಕಿಕೊಳ್ಳುವುದಕ್ಕಿಂತ, ಮಳೆಗಾಲದಲ್ಲಿ ತುಂಬುವ ಸ್ವಂತ ಕೆರೆಯನ್ನು ಜಲಮೂಲ ಮಾಡಿಕೊಳ್ಳುವುದು ಜಾಣತನ. ನನ್ನನ್ನು ಕೇಳಿದರೆ ಕೊಡಗಿನಲ್ಲಿ ನೀರಾವರಿಗೆ ದುಡ್ಡು ಹಾಕುವವರು ಮೊದಲು ಕೆರೆಗೆ ಹಾಕಬೇಕು, ಆಮೇಲೆ ಪೈಪಿಗೆ.

ಹಂತ 2: ಎಷ್ಟು ನೀರು ಬರುತ್ತಿದೆ ನೋಡಿ, ಆಮೇಲೆ ಮೀಟರ್ ಆರಿಸಿ

ಅಂಗಡಿಯವರು 'ಪೈಪು ಮೂರು ಇಂಚು, ಮೀಟರೂ ಮೂರು ಇಂಚು' ಎನ್ನುತ್ತಾರೆ. ಒಪ್ಪಬೇಡಿ. ಮೀಟರ್ ಆರಿಸುವುದು ಹರಿವಿನ ಮೇಲೆ. ಗುಡ್ಡದ ಊರಲ್ಲಿ ಒಂದೇ ಪಂಪ್ ಬೇರೆ ಬೇರೆ ಎತ್ತರಕ್ಕೆ ಬೇರೆ ಬೇರೆ ನೀರು ಕೊಡುತ್ತದೆ. 10 ಎಚ್‌ಪಿ ಪಂಪ್ ಶೇ 60ರಷ್ಟು ದಕ್ಷತೆಯಲ್ಲಿ ಓಡುತ್ತಿದೆ ಅಂದುಕೊಳ್ಳಿ. ಪೈಪಿನ ಘರ್ಷಣೆ, ಜೆಟ್‌ಗೆ ಬೇಕಾದ ಒತ್ತಡ ಎಲ್ಲ ಸೇರಿ 40 ಮೀಟರ್ ಎತ್ತುವಾಗ ಗಂಟೆಗೆ ಸುಮಾರು 40 ಸಾವಿರ ಲೀಟರ್ ಬರುತ್ತದೆ. 80 ಮೀಟರ್ ಆದರೆ ಅದರ ಅರ್ಧ, 20 ಸಾವಿರ. ಮೇಲೆ ಹೇಳಿದ ಐದು ಎಕರೆಗೆ ಮೊದಲ ಎತ್ತರದಲ್ಲಿ ಪಂಪ್ ಸುಮಾರು 19 ಗಂಟೆ ಓಡಬೇಕು, ಎರಡನೆಯದರಲ್ಲಿ 38 ಗಂಟೆಗೂ ಜಾಸ್ತಿ.

ನಿಮ್ಮ ಪಂಪಿನ ಹರಿವು ತಿಳಿಯಲು 200 ಲೀಟರಿನ ಡ್ರಮ್ ಸಾಕು. ತೋಟದಲ್ಲಿ ನೀರು ಬೀಳುವ ಎತ್ತರದಲ್ಲೇ ಪೈಪಿನ ಬಾಯಿಗೆ ಡ್ರಮ್ ಇಟ್ಟು ಗಡಿಯಾರ ನೋಡಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್, ಗಂಟೆಗೆ 36 ಸಾವಿರ ಲೀಟರ್. ಜೆಟ್ ಹಾಕಿದಾಗ ಒತ್ತಡ ಏರಿ ಇದು ಸ್ವಲ್ಪ ಇಳಿಯುತ್ತದೆ. ಈ ಅಂಕಿ ಹಿಡಿದು ಮೀಟರಿನ ಕ್ಯಾಟಲಾಗ್ ನೋಡಿ. ಅದರಲ್ಲಿ ಕನಿಷ್ಠ ಹರಿವು ಮತ್ತು ಕಾಯಂ ಹರಿವು ಎಂದು ಎರಡು ಅಂಕಿ ಇರುತ್ತವೆ. ನಿಮ್ಮದು ಅವೆರಡರ ನಡುವೆ, ಕಾಯಂ ಹರಿವಿಗೆ ಹತ್ತಿರ ಇರಲಿ. ತೀರಾ ದೊಡ್ಡ ಮೀಟರ್ ಹಾಕಿದರೆ ಕಡಿಮೆ ಹರಿವಿನಲ್ಲಿ ಅದು ಸರಿಯಾಗಿ ತಿರುಗುವುದೇ ಇಲ್ಲ.

ಮೀಟರಿನಲ್ಲಿ ನಮಗೆ ಬೇಕಾದವು ಮೂರು ಬಗೆ. 50 ಮಿ.ಮೀ. ತನಕದ ಸಣ್ಣ ಪೈಪಿಗೆ ಮನೆ ನೀರಿನ ಬಗೆಯ ಮಲ್ಟಿಜೆಟ್ ಮೀಟರ್ ಸಾಕು, ಅದಕ್ಕೆ ಭಾರತೀಯ ಮಾನಕದ ಐಎಸ್ 779 ಗುರುತು ನೋಡಿ. ಅದಕ್ಕಿಂತ ದೊಡ್ಡದಕ್ಕೆ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ಅಂಚು) ಇರುವ ವೋಲ್ಟ್‌ಮನ್ ಮೀಟರ್, ಅಂದರೆ ಒಳಗೆ ರೆಕ್ಕೆ ತಿರುಗುವಂಥದ್ದು. ಇಂಥ ಬಲ್ಕ್ (ದೊಡ್ಡ) ಮೀಟರಿನ ಗುಣಮಟ್ಟ ಐಎಸ್ 2373. ಮೂರನೆಯದು ವಿದ್ಯುತ್ಕಾಂತೀಯ ಅಥವಾ ಅಲ್ಟ್ರಾಸಾನಿಕ್ ಮೀಟರ್. ಇದರಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಎಲೆ, ಪಾಚಿ ಸಿಕ್ಕಿಕೊಳ್ಳುವ ತಲೆನೋವೂ ಇಲ್ಲ. ಬೆಲೆ ಮಾತ್ರ ಜಾಸ್ತಿ. ಸಣ್ಣ ತೋಟಕ್ಕೆ ವೋಲ್ಟ್‌ಮನ್ ಮೀಟರ್, ಅದರ ಹಿಂದೆ, ನೀರು ಬರುವ ಕಡೆ, ಒಂದು ಒಳ್ಳೆ ಸ್ಟ್ರೈನರ್ (ಕಸ ತಡೆಯುವ ಜಾಲರಿ). ಇಷ್ಟೇ ಸಾಕು. ಸಿಡಿಲು ಹೊಡೆಯುವ ನಮ್ಮೂರಲ್ಲಿ ಕರೆಂಟಿನ ಮೀಟರಿಗಿಂತ ಬ್ಯಾಟರಿಯದ್ದು ವಾಸಿ.

ಇನ್ನೊಂದನ್ನು ಮರೆಯಬೇಡಿ: ಒತ್ತಡ. 100 ಮೀಟರ್ ಎತ್ತರದ ನೀರು ಅಂದರೆ ಸುಮಾರು 10 ಬಾರ್. ಕೆಳಗೆ ಹೊಳೆಯ ಪಂಪ್ ಹೌಸಿನಲ್ಲಿ ಮೀಟರ್ ಕೂರಿಸಿ ಮೇಲಿನ ಬಾಣೆಗೆ (ಗುಡ್ಡದ ಜಮೀನಿಗೆ) ಎತ್ತುವವರು ಪಿಎನ್ 10 (ಪಿಎನ್ ಅಂದರೆ ಎಷ್ಟು ಬಾರ್ ಒತ್ತಡ ತಡೆಯುತ್ತದೆ ಎಂಬ ಗುರುತು) ಅಲ್ಲ, ಪಿಎನ್ 16 ಗುರುತಿನದ್ದೇ ತೆಗೆದುಕೊಳ್ಳಬೇಕು. ಪಂಪ್ ನಿಂತಾಗ ವಾಪಸ್ ಬರುವ ಹೊಡೆತವೂ ಅದರ ಮೇಲೇ ಬೀಳುತ್ತದೆ.

ಹಂತ 3: ಯಾವ ಕಚೇರಿಗೆ ಹೋಗಬೇಕು

ಇಲ್ಲಿ ಬೆಳೆ ಮುಖ್ಯ. ಪಹಣಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ ಏನು ಬೆಳೆ ಅಂತ ಬರೆದಿದೆಯೋ ಅದರ ಮೇಲೆ ಬಾಗಿಲು ತೀರ್ಮಾನವಾಗುತ್ತದೆ.

ಕಾಫಿಗೆ ಮೊದಲ ಬಾಗಿಲು ಕಾಫಿ ಮಂಡಳಿ. ಅದರ ಸಮಗ್ರ ಕಾಫಿ ಅಭಿವೃದ್ಧಿ ಯೋಜನೆಯಲ್ಲಿ ನೀರಿನ ಅಭಿವೃದ್ಧಿ ಎಂಬ ಭಾಗ ಇದೆ. ನೀರು ಸಂಗ್ರಹದ ಕೆರೆ, ಬಾವಿ, ಸ್ಪ್ರಿಂಕ್ಲರ್, ಡ್ರಿಪ್ ಈ ಭಾಗಕ್ಕೆ ಸೇರಿದವು. ನಿಮ್ಮ ಭಾಗದ ಸಂಪರ್ಕ ಅಧಿಕಾರಿಯನ್ನು ಕಂಡು ಈ ವರ್ಷದ ಸುತ್ತೋಲೆ ಕೇಳಿ. ಹಿಡುವಳಿಯ ಮಿತಿ, ಶೇಕಡಾವಾರು, ಕೊನೆ ದಿನ ಎಲ್ಲ ಅದರಲ್ಲಿರುತ್ತವೆ. ಹೋದ ವರ್ಷ ಪಕ್ಕದ ತೋಟದವರಿಗೆ ಎಷ್ಟು ಸಿಕ್ಕಿತು ಎನ್ನುವುದನ್ನು ನಂಬಿ ಲೆಕ್ಕ ಹಾಕಬೇಡಿ. ತಾಂತ್ರಿಕ ಸಲಹೆ ಬೇಕಾದರೆ ಚೆಟ್ಟಳ್ಳಿಯಲ್ಲಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ.

ಅಡಿಕೆ, ಬಾಳೆ, ಕರಿಮೆಣಸು ಮುಖ್ಯ ಬೆಳೆಯಾದರೆ ತೋಟಗಾರಿಕೆ ಇಲಾಖೆ. ಜೋಳದಂಥ ಹೊಲದ ಬೆಳೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಇಬ್ಬರ ಕೈಯಲ್ಲೂ ಇರುವುದು 'ಪ್ರತಿ ಹನಿಗೆ ಹೆಚ್ಚು ಬೆಳೆ' ಯೋಜನೆ. 2015-16ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಭಾಗವಾಗಿ ಶುರುವಾಯಿತು. 2022-23ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಅಡಿ ನಡೆಯುತ್ತಿದೆ. ಕೇಂದ್ರದ ಮಾರ್ಗಸೂಚಿಯಂತೆ ಸಣ್ಣ, ಅತಿಸಣ್ಣ ರೈತರಿಗೆ ಘಟಕ ವೆಚ್ಚದ (ಸರ್ಕಾರ ನಿಗದಿ ಮಾಡಿದ ಖರ್ಚಿನ) ಶೇ 55, ಉಳಿದವರಿಗೆ ಶೇ 45. ಗರಿಷ್ಠ 5 ಹೆಕ್ಟೇರ್. ಇದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ, ಅದು ಆಯಾ ವರ್ಷದ ಆದೇಶದಂತೆ. ಒಮ್ಮೆ ಪಡೆದ ಜಮೀನಿಗೆ ಮತ್ತೆ 7 ವರ್ಷ ಕಾಯಬೇಕು. ಹಾಗಾಗಿ ಈ ಸಲ ಮೀಟರ್ ಬಿಟ್ಟುಹೋದರೆ ಅದನ್ನು ಸ್ವಂತ ದುಡ್ಡಲ್ಲೇ ಹಾಕಿಕೊಳ್ಳಬೇಕಾಗುತ್ತದೆ.

ಇಲ್ಲಿ ಒಂದು ಒಳಗುಟ್ಟು ಇದೆ. ಸಹಾಯಧನ ಲೆಕ್ಕ ಹಾಕುವುದು ನಿಗದಿತ ಘಟಕ ವೆಚ್ಚ ಅಥವಾ ನಿಜವಾದ ಖರ್ಚು, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ನಿಮ್ಮ ಡ್ರಿಪ್ಪಿನ ಖರ್ಚು ಘಟಕ ವೆಚ್ಚಕ್ಕಿಂತ ಕಡಿಮೆ ಇದ್ದರೆ ಆ ಉಳಿದ ಜಾಗದಲ್ಲಿ ಮೀಟರ್ ಕೂರುತ್ತದೆ. ಫಿಲ್ಟರ್, ಪ್ರೆಶರ್ ಗೇಜ್, ವಾಲ್ವ್, ಗೊಬ್ಬರದ ಟ್ಯಾಂಕ್ ಇರುವ ತಲೆಭಾಗದಲ್ಲೇ ಅದನ್ನು ಸೇರಿಸಲು ಹೇಳಿ. ಖರ್ಚು ಈಗಾಗಲೇ ಮಿತಿ ದಾಟಿದ್ದರೆ ಮೀಟರ್ ಪೂರ್ತಿ ನಿಮ್ಮ ಜೇಬಿನದ್ದೇ. ಇದನ್ನು ಕೊಟೇಶನ್ ಬಂದ ದಿನವೇ ಕೂತು ಲೆಕ್ಕ ಮಾಡಿ.

ಗಂಗಾ ಕಲ್ಯಾಣದಲ್ಲಿ ಬಾವಿ ಸಿಕ್ಕವರಿಗೆ ಪಂಪ್, ವಿದ್ಯುತ್ ಎಲ್ಲ ಸೇರಿ ಬರುತ್ತದೆ. ಆ ಪಟ್ಟಿಯಲ್ಲಿ ಮೀಟರ್ ಇಲ್ಲದಿದ್ದರೆ ಕೂರಿಸುವಾಗಲೇ ಎರಡು ಫ್ಲ್ಯಾಂಜ್ ಬಿಡಿಸಿಕೊಳ್ಳಿ, ಮುಂದೆ ಹಾಕಲು ಸುಲಭ. ಪಿಎಂ ಕುಸುಮ್ ಸೋಲಾರ್ ಪಂಪಿನವರು ಅದರ ಕಂಟ್ರೋಲರಿನಲ್ಲಿ ನೀರಿನ ಲೆಕ್ಕ ತೋರಿಸುತ್ತದೆಯಾ ಕೇಳಿ ನೋಡಿ. ತೋರಿಸಿದರೂ ಅದು ಅಂದಾಜು, ಮೀಟರಿನ ಜಾಗ ತುಂಬುವುದಿಲ್ಲ.

ಹಾರಂಗಿ, ಚಿಕ್ಲಿಹೊಳೆ ಅಚ್ಚುಕಟ್ಟಿನವರಿಗೆ ಇನ್ನೊಂದು ದಾರಿ ತೆರೆಯಬಹುದು. ಕೇಂದ್ರ ಸಂಪುಟ 2025ರ ಏಪ್ರಿಲ್‌ನಲ್ಲಿ ಅಚ್ಚುಕಟ್ಟು ಅಭಿವೃದ್ಧಿಯ ಆಧುನೀಕರಣಕ್ಕೆ 1,600 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕಾಲುವೆಯಿಂದ ಹೊಲದವರೆಗೆ ಒತ್ತಡದ ಪೈಪು, ಜೊತೆಗೆ ನೀರಿನ ಲೆಕ್ಕ ಇಡುವ ಉಪಕರಣ ಇದರ ಉದ್ದೇಶ. ಆದರೆ ಇದು ಒಬ್ಬೊಬ್ಬ ರೈತನಿಗಲ್ಲ, ಒಂದು ಪ್ರದೇಶದ ನೀರು ಬಳಕೆದಾರರ ಸಂಘಕ್ಕೆ. ಸಂಘ ಹೆಸರಿಗಷ್ಟೇ ಇದ್ದರೆ ಮೊದಲು ಅದನ್ನು ಎಬ್ಬಿಸಿ.

ಹಂತ 4: ಕಾಗದ, ಅದರಲ್ಲೂ ಜಮ್ಮಾ ಜಮೀನಿನ ಕಾಗದ

ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೋ. ಮೀಸಲಾತಿ ಇದ್ದರೆ ಜಾತಿ ಪ್ರಮಾಣ ಪತ್ರ. ಸಣ್ಣ ರೈತರ ಪ್ರಮಾಣ ಪತ್ರ, ಜಲಮೂಲದ ದೃಢೀಕರಣ. ಇಷ್ಟು ಎಲ್ಲ ಕಡೆ ಕೇಳುತ್ತಾರೆ. ರಾಜ್ಯದ ರೈತರ ನೋಂದಣಿಯಾದ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಇರಲೇಬೇಕು. ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ ನೋಡಿಸಿ. ಎಷ್ಟೋ ಜನರದ್ದು ಒಂದೇ ನಂಬರ್ ಸೇರಿರುತ್ತದೆ, ಬಾಕಿ ತೋಟ ಲೆಕ್ಕಕ್ಕೇ ಬರುವುದಿಲ್ಲ.

ಕೊಡಗಿನ ನಿಜವಾದ ಗಂಟು ಇರುವುದು ಜಮ್ಮಾ ಜಮೀನಿನಲ್ಲಿ, ಅಂದರೆ ಇಡೀ ಒಕ್ಕಕ್ಕೆ (ಒಂದೇ ಮೂಲದ ಕುಟುಂಬಗಳಿಗೆ) ತಲೆತಲಾಂತರದಿಂದ ಬಂದ ಜಮೀನಿನಲ್ಲಿ. ಪಹಣಿಯಲ್ಲಿ ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರು, ಕೆಲವೊಮ್ಮೆ ತೀರಿಹೋದ ದೊಡ್ಡಪ್ಪಂದಿರ ಹೆಸರು. ತೋಟ ನೋಡುವುದು ನೀವು, ಬೋನಸ್ ಕೊಡುವುದು ನೀವು, ಸಹಾಯಧನಕ್ಕೆ ಹೋದರೆ ನೀವು ಯಾರೋ! ಇದಕ್ಕೆ ಒಂದೇ ದಿನದಲ್ಲಿ ಪರಿಹಾರ ಇಲ್ಲ. ಆದರೆ ಅರ್ಜಿ ನಿಲ್ಲದಿರಲು ಮೂರು ಕಾಗದ ಮೊದಲೇ ಸಿದ್ಧ ಮಾಡಿಕೊಳ್ಳಿ. ಒಂದು, ವಂಶವೃಕ್ಷ. ಎರಡು, ಪಾಲುದಾರರೆಲ್ಲ ಸಹಿ ಮಾಡಿದ ಒಪ್ಪಿಗೆ ಪತ್ರ, ಅದರಲ್ಲಿ ನಿಮ್ಮ ಅನುಭೋಗದ ಜಾಗ ಮತ್ತು ಯಾವ ಕೆಲಸ ಎಂಬುದು ಸ್ಪಷ್ಟವಾಗಿರಲಿ. ಮೂರು, ಬೆಂಗಳೂರು, ಮೈಸೂರು, ದುಬೈಯಲ್ಲಿರುವ ಅಣ್ಣತಮ್ಮಂದಿರ ಅಧಿಕಾರ ಪತ್ರ. ಒಕ್ಕದವರು ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಸೇರುತ್ತಾರಲ್ಲ, ಸಹಿ ಹಾಕಿಸಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಕಾಗದ ಮೊದಲು ಕಚೇರಿಯಲ್ಲಿ ತೋರಿಸಿ, ಈ ಮಾದರಿ ಆಗುತ್ತದೆಯಾ ಕೇಳಿ, ಆಮೇಲೆ ಛಾಪಾ ಕಾಗದ ಕೊಳ್ಳಿ.

ಹಂತ 5: ಕೊಟೇಶನ್ ಬರೆಸುವ ರೀತಿ

ಇಲಾಖೆಯ ಪಟ್ಟಿಯಲ್ಲಿರುವ ಕಂಪನಿಗಳಿಂದಲೇ ಕೊಟೇಶನ್ ತರಿಸಿ. 'ಇತರೆ ಸಾಮಾನು' ಎಂದು ಒಟ್ಟಾಗಿ ಬರೆಯಲು ಬಿಡಬೇಡಿ. ಮೀಟರಿನ ಬಗೆ, ಅಳತೆ, ಒತ್ತಡದ ದರ್ಜೆ, ಗುಣಮಟ್ಟದ ಗುರುತು, ಸ್ಟ್ರೈನರ್, ಫ್ಲ್ಯಾಂಜ್, ಕೂರಿಸುವ ಕೂಲಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ತೆರಿಗೆಯೂ ಬೇರೆ: ಡ್ರಿಪ್, ಸ್ಪ್ರಿಂಕ್ಲರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ನೀರಿನ ಮೀಟರಿಗೆ ಶೇ 18. ಎರಡನ್ನೂ ಒಂದೇ ಸಾಲಲ್ಲಿ ಬೆರೆಸಿದ ಬಿಲ್ ಆಮೇಲೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಪ್ಪದೆ ಪಡೆಯಿರಿ. ಅಧಿಕಾರಿ ಜಾಗ ನೋಡಿ ಹೋಗಿ, ಕಾರ್ಯಾದೇಶ ಕೈಗೆ ಬರುವ ತನಕ ಒಂದು ಪೈಪೂ ಇಳಿಸಬೇಡಿ. ಫೆಬ್ರುವರಿ ಬಂತು, ಹೂವಿಗೆ ನೀರು ಕೊಡಬೇಕು ಎಂಬ ಅವಸರದಲ್ಲಿ ಮೊದಲೇ ಕೆಲಸ ಮುಗಿಸಿದರೆ ಸಹಾಯಧನ ಕೈತಪ್ಪುತ್ತದೆ. ಅದಕ್ಕೇ ಅರ್ಜಿಯ ಕಾಲ ಮಳೆಗಾಲ. ಜೂನ್, ಜುಲೈಯಲ್ಲಿ ಕೊಟ್ಟರೆ ಬೇಸಿಗೆಯೊಳಗೆ ಕೆಲಸ ಮುಗಿಯುವ ಆಸೆ ಇಟ್ಟುಕೊಳ್ಳಬಹುದು. ಮಾರ್ಚ್ ಬಂದರೆ ಕಚೇರಿಯಲ್ಲಿ ಅನುದಾನವೂ ಖಾಲಿ, ತೋಟದಲ್ಲಿ ನಿಮಗೂ ಪುರುಸೊತ್ತಿಲ್ಲ.

ಹಂತ 6: ಕೂರಿಸುವುದು

ಮೀಟರಿನ ಹಿಂದೆ (ನೀರು ಬರುವ ಕಡೆ) ಪೈಪಿನ ವ್ಯಾಸದ ಹತ್ತು ಪಟ್ಟು, ಮುಂದೆ ಐದು ಪಟ್ಟು ನೇರ ಪೈಪು ಇರಲಿ. ಮೂರು ಇಂಚಿನ ಪೈಪಿಗೆ ಹಿಂದೆ ಎರಡೂವರೆ ಅಡಿ, ಮುಂದೆ ಒಂದೂಕಾಲು ಅಡಿ. ಬೆಂಡ್, ವಾಲ್ವ್ ಪಕ್ಕದಲ್ಲೇ ಕೂರಿಸಿದರೆ ನೀರು ಸುಳಿಯಾಗಿ ಬಂದು ಅಂಕಿ ತಪ್ಪುತ್ತದೆ. ಕಂಪನಿಯ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಬಾಣದ ಗುರುತು ನೀರು ಹರಿಯುವ ಕಡೆಗೆ ಇರಬೇಕು. ಪೈಪು ಸದಾ ತುಂಬಿರುವ ಜಾಗ ಆರಿಸಿ, ಅಂದರೆ ಏರಿನ ಕೆಳಗೆ, ದಿಬ್ಬದ ತುದಿಯಲ್ಲಲ್ಲ. ಗಾಳಿ ಬೆರೆತ ನೀರನ್ನೂ ಮೀಟರ್ ನೀರೆಂದೇ ಲೆಕ್ಕ ಹಾಕುತ್ತದೆ.

ನಮ್ಮ ಜಿಲ್ಲೆಗೆ ವಿಶೇಷವಾದ ಎರಡು ಮಾತು. ಹೊಳೆ ಬದಿಯ ಪಂಪನ್ನು ಮಳೆಗೆ ಮುಂಚೆ ಎತ್ತಿ ಇಡುತ್ತೇವಲ್ಲ, ಮೀಟರನ್ನೂ ಫ್ಲ್ಯಾಂಜ್ ಬಿಚ್ಚಿ ಮನೆಗೆ ತರುವಂತಿರಬೇಕು. ಆದರೆ ಸಹಾಯಧನದ ಪರಿಶೀಲನೆ ಮುಗಿಯುವ ತನಕ ಜಾಗದಲ್ಲೇ ಇರಲಿ. ಎರಡನೆಯದು ಆನೆ. ಅದರ ದಾರಿಯಲ್ಲಿ ನೆಲದ ಮೇಲೆ ಮೀಟರ್ ಇಟ್ಟರೆ ವಿಮೆಯೂ ಇಲ್ಲ, ಮೀಟರೂ ಇಲ್ಲ. ಪಂಪ್ ಹೌಸಿನೊಳಗೇ ಹಾಕಿ, ಇಲ್ಲವೇ ಇಟ್ಟಿಗೆ ಗುಂಡಿ ಕಟ್ಟಿ ಕಾಂಕ್ರೀಟ್ ಮುಚ್ಚಳ ಹಾಕಿ.

ತೋಡಿನಿಂದ ಗದ್ದೆಗೆ ಕಟ್ಟ ಹಾಕಿ ನೀರು ತಿರುಗಿಸುವವರಿಗೆ ಮೀಟರ್ ಬೇಡವೇ ಬೇಡ. ತಗಡಿನಲ್ಲಿ 90 ಡಿಗ್ರಿಯ 'ವಿ' ಆಕಾರ ಕತ್ತರಿಸಿ ಕಾಲುವೆಗೆ ಅಡ್ಡ ನಿಲ್ಲಿಸಿದರೆ ಸಾಕು. ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. 'ವಿ'ಯ ತಳದಿಂದ ನೀರು 10 ಸೆಂ.ಮೀ. ಎತ್ತರ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 15 ಸೆಂ.ಮೀ. ಇದ್ದರೆ 12, 20 ಸೆಂ.ಮೀ. ಇದ್ದರೆ ಸುಮಾರು 25 ಲೀಟರ್. ಎತ್ತರವನ್ನು ತಗಡಿನ ಹತ್ತಿರ ಅಳೆಯಬಾರದು, ಒಂದು ಮೀಟರ್ ಹಿಂದೆ, ನೀರು ತಣ್ಣಗೆ ನಿಂತಿರುವ ಕಡೆ ಅಳೆಯಬೇಕು. ತಗಡಿನಾಚೆ ನೀರು ಬಿಡಿಯಾಗಿ ಕೆಳಗೆ ಬೀಳಬೇಕು. ಇದಕ್ಕೆ ಸಹಾಯಧನ ಹುಡುಕುವ ಶ್ರಮಕ್ಕಿಂತ ತಗಡು ಅಗ್ಗ.

ಹಂತ 7: ಪರಿಶೀಲನೆ, ಹಣ, ಉಳಿದ ಪಾಲು

ಕೆಲಸ ಮುಗಿದ ಮೇಲೆ ಅಧಿಕಾರಿ ಬಂದು ಫೋಟೋ ತೆಗೆಯುತ್ತಾರೆ. ಮೀಟರಿನ ಕ್ರಮಸಂಖ್ಯೆ ಬಿಲ್ಲಿನಲ್ಲೂ ಇರಬೇಕು, ಮೀಟರಿನ ಮೇಲೂ ಅದೇ ಇರಬೇಕು. ಆ ದಿನ ಪಂಪ್ ಓಡಿಸಿ ಮುಳ್ಳು ತಿರುಗುವುದನ್ನು ತೋರಿಸಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ನಿಮ್ಮ ಒಪ್ಪಿಗೆ ಪತ್ರ ಕೊಟ್ಟಿದ್ದರೆ ನೇರ ಕಂಪನಿಗೂ ಹೋಗಬಹುದು. ಹಾಗಿದ್ದರೆ ಮೀಟರ್ ಓಡುವುದನ್ನು ನೋಡಿದ ಮೇಲೆಯೇ ಸಹಿ ಹಾಕಿ.

ನಿಮ್ಮ ಪಾಲಿನ ದುಡ್ಡು ಕೈಯಲ್ಲಿಲ್ಲದಿದ್ದರೆ ಸಹಕಾರ ಸಂಘದ ಮಧ್ಯಮಾವಧಿ ಸಾಲ ಕೇಳಿ. ರಾಜ್ಯದಲ್ಲಿ ಶೇ 3ರ ಬಡ್ಡಿಯ ಮಧ್ಯಮ ಮತ್ತು ದೀರ್ಘಾವಧಿ ಸಾಲದ ಮಿತಿ 2023-24ರ ಬಜೆಟ್‌ನಲ್ಲಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿತು. ಬೆಳೆಗಾರರ ಗುಂಪು, ರೈತ ಉತ್ಪಾದಕರ ಕಂಪನಿಗಳಾದರೆ 2020ರ ಕೃಷಿ ಮೂಲಸೌಕರ್ಯ ನಿಧಿ ವಿಚಾರಿಸಿ. 2 ಕೋಟಿವರೆಗಿನ ಸಾಲಕ್ಕೆ 7 ವರ್ಷದ ತನಕ ಶೇ 3ರ ಬಡ್ಡಿ ರಿಯಾಯಿತಿ ಅದರಲ್ಲಿದೆ.

ಅರ್ಜಿ ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ. ಸಾಮಾನ್ಯವಾಗಿ ಎಫ್‌ಐಡಿ ಹೊಂದದಿರುವುದು, ಬೆಳೆ ಸಮೀಕ್ಷೆಯಲ್ಲಿ ತಪ್ಪು ಬೆಳೆ, ಅಥವಾ ಆ ವರ್ಷದ ಅನುದಾನ ಮುಗಿದಿರುವುದು. ಮೊದಲ ಎರಡನ್ನು ನೀವು ಸರಿ ಮಾಡಿಸಬಹುದು. ಮೂರನೆಯದಕ್ಕೆ ಹೊಸ ಆರ್ಥಿಕ ವರ್ಷದ ಶುರುವಲ್ಲೇ ಮತ್ತೆ ಕೊಡಿ.

ಮೀಟರ್ ಓಡಲು ಶುರುವಾದ ಮೇಲೆ ಪಂಪ್ ಹೌಸಿನಲ್ಲಿ ಒಂದು ಪುಸ್ತಕ ತೂಗುಹಾಕಿ. ತಾರೀಕು, ಯಾವ ಬ್ಲಾಕ್, ಶುರುವಿನ ಅಂಕಿ, ಕೊನೆಯ ಅಂಕಿ, ಕರೆಂಟಿನ ಯುನಿಟ್ ಅಥವಾ ಡೀಸೆಲ್. ರೈಟರ್ (ತೋಟದ ಗುಮಾಸ್ತ) ಬರೆದರೂ ಆಯಿತು, ಪಂಪ್ ನೋಡುವವರು ಬರೆದರೂ ಆಯಿತು. ಮೀಟರ್ ಘನ ಮೀಟರಿನಲ್ಲಿ ಓದುತ್ತದೆ, ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್. ಕೆಲವು ದೊಡ್ಡ ಮೀಟರಿನಲ್ಲಿ ಹತ್ತರಿಂದ ಗುಣಿಸಬೇಕು, ಮುಖದ ಮೇಲೆ ಬರೆದಿರುತ್ತದೆ. ಅಷ್ಟೇ ಘನ ಮೀಟರಿಗೆ ಯುನಿಟ್ ಏರುತ್ತಾ ಹೋದರೆ ಇಂಪೆಲ್ಲರ್ ಸವೆದಿದೆ, ಅಥವಾ ಫುಟ್ ವಾಲ್ವ್ ಸೋರುತ್ತಿದೆ. ಅದನ್ನು ಮುಂದಿನ ಹೂವಿನ ನೀರಿಗೆ ಮುಂಚೆಯೇ ಬಿಚ್ಚಿ ನೋಡಿಸಿ.